ಕಟ್ಟಿಸಿದ ಹಲ್ಲು, ನೆಟ್ಟ ಹಲ್ಲು

ನಮ್ಮ ಕಡೆ ಹೋದ ಹಲ್ಲಿನ ಜಾಗಕ್ಕೆ ಹಲ್ಲು "ಹಾಕಿಸೋದು" ಅನ್ನಲ್ಲ, "ಕಟ್ಟಿಸೋದು" ಅಂತೀವಿ. ಮನೆ ಕಟ್ಟಿಸಿದ ಹಂಗೆ. ಆ ಮಾತು ಎಷ್ಟು ಸರಿಯಾಗಿದೆ ಅಂತ ನನಗೆ ಗೊತ್ತಾಗಿದ್ದು ಈಗ. ಕಟ್ಟಿಸೋದು ಅಂದ ಮೇಲೆ ಭಾರ ಯಾವುದರ ಮೇಲೆ ಕೂರುತ್ತೆ ಅನ್ನೋದೇ ಮೊದಲ ಪ್ರಶ್ನೆ ತಾನೆ?

ನನ್ನ ಬಲಗಡೆ ಕೆಳದವಡೆ ಹಲ್ಲೊಂದು ಹೋಗಿ ನಾಲ್ಕು ತಿಂಗಳಾಯ್ತು. ಹಲ್ಲಿನ ಡಾಕ್ಟ್ರು ಮೂರು ದಾರಿ ಹೇಳಿದ್ದಾರೆ. ತೆಗೆದು ಹಾಕೋ ಹಲ್ಲು ಮಾಡಿಸಿದ್ರೆ ಭಾರ ವಸಡಿನ ಮೇಲೆ. ಅಕ್ಕಪಕ್ಕದ ಎರಡು ಹಲ್ಲು ಸವೆದು ಬ್ರಿಡ್ಜು ಕೂರಿಸಿದ್ರೆ ಭಾರ ನೆರೆಹೊರೆಯವರ ಮೇಲೆ. ಮೂಳೆಯೊಳಗೇ ಟೈಟೇನಿಯಂ ಸ್ಕ್ರೂ ಇಳಿಸಿ ಅದರ ಮೇಲೆ ಹಲ್ಲು ಕೂರಿಸಿದ್ರೆ ಅದು ಇಂಪ್ಲಾಂಟು, ಭಾರ ಮೂಳೆ ಮೇಲೆ. ಕೊನೇದಕ್ಕೆ ನನಗೆ ಹೇಳಿದ ಲೆಕ್ಕ 35,000 ರೂಪಾಯಿ. ಮನೇಲಿ ಹೇಳಿದ್ದೇ ತಡ, ನಮ್ಮತ್ತೆ "ಒಳಗಡೆ ಹಲ್ಲು, ಯಾರು ನೋಡ್ತಾರೆ? ಎಡಗಡೆ ಐತಲ್ಲ, ಅದ್ರಲ್ಲಿ ಅಗಿ" ಅಂದ್ರು. ಇವರು "ಮಗಳ ಫೀಸು ಕಟ್ಟಿ ಉಳಿದ್ರೆ ನೋಡಾನ" ಅಂದ್ರು.

ಅವರಿಬ್ಬರ ಮೇಲೆ ನನಗೆ ಕೋಪವಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರ ಹಲ್ಲಿನ ಲೆಕ್ಕ ಮೊದಲಿಂದ ಹಿಂಗೇ. ನಮ್ಮಜ್ಜಿಗೆ ನಲವತ್ತೈದು ತುಂಬೋ ಹೊತ್ತಿಗೆ ಬೊಚ್ಚುಬಾಯಿ. ಒಂದೊಂದು ಬಾಣಂತನಕ್ಕೂ ಒಂದೊಂದು ಹಲ್ಲು ಕೊಟ್ಟೆ ಅಂತ ನಗ್ತಾ ಹೇಳೋರು. (ಹೊಟ್ಟೇಲಿರೋ ಮಗು ತಾಯಿಯ ಹಲ್ಲಿಂದ ಸುಣ್ಣ ಎಳ್ಕೊಳ್ಳುತ್ತೆ ಅನ್ನೋದು ನಿಜವಲ್ಲ. ಬಸುರೀಲಿ ವಸಡು ಊದಿ ರಕ್ತ ಬರೋದು, ವಾಂತಿಯ ಹುಳಿ ಹಲ್ಲನ್ನ ಸವೆಸೋದು ನಿಜ. ತೋರಿಸೋರು ಇಲ್ಲದೆ ಬಿಟ್ಟಾಗ ಹಲ್ಲು ಹೋಗೋದು.) ಅಜ್ಜನ ಹಲ್ಲೂ ಹೋದವು. ಅವರು ಬೆಂಗಳೂರಿಗೆ ಎರಡು ಸಲ ರೈಲು ಹತ್ತಿ ಪೂರಾ ಸೆಟ್ಟು ಕಟ್ಟಿಸಿಕೊಂಡು ಬಂದ್ರು. ಅಜ್ಜಿಗ್ಯಾಕೆ ಕಟ್ಟಿಸಲಿಲ್ಲ ಅಂತ ಯಾರೂ ಕೇಳಲಿಲ್ಲ. ಕೇಳಿದ್ರೂ ಉತ್ತರ ರೆಡಿ ಇರೋದು: "ಮುದ್ದೆ ನುಂಗೋದು ತಾನೆ, ಅದಕ್ಕ್ಯಾಕೆ ಹಲ್ಲು?"

ಮಾತು ಸುಳ್ಳಲ್ಲ. ರಾಗಿ ಮುದ್ದೆ ಅಗಿಯೋ ಊಟವೇ ಅಲ್ಲ, ಸಾರಲ್ಲಿ ಅದ್ದಿ ನುಂಗೋದು. ಎಲೆಅಡಿಕೆಗೆ ಕುಟ್ಟಾಣಿ ಇತ್ತು. ಬಯಲುಸೀಮೆ ಅಡುಗೆಮನೆ ಹಲ್ಲಿಲ್ಲದೋರನ್ನ ಸಾಕೋದ್ರಲ್ಲಿ ಪಳಗಿಬಿಟ್ಟಿದೆ, ಹಂಗಾಗಿಯೇ ಹಲ್ಲಿಲ್ಲದ ಹೆಂಗಸು ಯಾರ ಕಣ್ಣಿಗೂ ಕಷ್ಟದಲ್ಲಿರೋಳ ಥರ ಕಾಣಲಿಲ್ಲ. ತೆಂಗಿನ ಸೀಮೇಲಿ ಹುಟ್ಟಿ, ಅಟ್ಟದ ತುಂಬ ಕೊಬ್ಬರಿ ಇಟ್ಕೊಂಡು, ಅಜ್ಜಿ ಮೂವತ್ತು ವರ್ಷ ಕೊಬ್ಬರಿ ಚೂರು ಕಚ್ಚಲಿಲ್ಲ. ಚಕ್ಕುಲಿ ಮಾಡೋರು, ತಿನ್ನೋರು ನಾವು. ಹಲ್ಲಿದ್ದವರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದವರಿಗೆ ಹಲ್ಲಿಲ್ಲ ಅನ್ನೋ ಗಾದೆಯಲ್ಲಿ ಕಡ್ಲೆ ಹುರಿದವಳು ಯಾರು ಅಂತ ಹೇಳಿಲ್ಲ ನೋಡಿ.

ಅಜ್ಜನಿಗೆ ಮಾತ್ರ ಯಾಕೆ ಅನ್ನೋದಕ್ಕೆ ಒಂದು ಕಾರಣ ನನಗೆ ಹೊಳೀತದೆ. ನಮ್ಮ ದೇವನೂರು ಲಕ್ಷ್ಮೀಶ ಕವಿಯ ಊರು. ಜೈಮಿನಿ ಭಾರತದ ವಾರ್ಧಕ ಷಟ್ಪದಿ ಓದೋದು ಅಂದ್ರೆ ಇಲ್ಲಿಯೋರಿಗೆ ಒಂದು ಹೆಮ್ಮೆ. ತ, ಥ, ದ, ಧ, ನ ಇವನ್ನ ವ್ಯಾಕರಣದಲ್ಲಿ ದಂತ್ಯ ಅಂತಾರೆ, ನಾಲಿಗೆ ಹಲ್ಲಿಗೆ ತಾಗಿದ್ರೆ ಹುಟ್ಟೋ ಅಕ್ಷರಗಳು. ಮುಂದಿನ ಹಲ್ಲು ಹೋದ್ರೆ ಪದ್ಯದ ಅರ್ಧ ಗಾಳೀಲಿ ಹೋಗುತ್ತೆ. ಅಜ್ಜ ಜಗಲೀಲಿ ಕೂತು ನಾಲ್ಕು ಜನರ ಮುಂದೆ ಓದೋರು. ಅಜ್ಜಿಗೂ ಪದ್ಯ ಬಾಯಲ್ಲೇ ಬರ್ತಿತ್ತು, ಆದ್ರೆ ಅವರು ಹೇಳ್ಕೊಳ್ತಿದ್ದಿದ್ದು ಒಲೆ ಮುಂದೆ.

ಹಳೇ ಕಾಲದಲ್ಲಿ ಬೇರೆ ದೇಶದವರು ಏನು ಮಾಡ್ತಿದ್ರು ಅಂತ ಓದ್ತಾ ಹೋದೆ. ಇಟಲಿಯಲ್ಲಿ ರೋಮನ್ನರಿಗಿಂತ ಮುಂಚೆ ಎಟ್ರುಸ್ಕನ್ನರು ಅಂತ ಇದ್ರು. ಅವರು ಕ್ರಿಸ್ತಪೂರ್ವ 7ನೇ ಶತಮಾನದಿಂದೀಚೆಗೆ ಚಿನ್ನದ ತೆಳು ಪಟ್ಟಿ ಮಾಡಿ, ಹೋದ ಹಲ್ಲಿನ ಜಾಗದಲ್ಲಿ ಬೇರೆ ಹಲ್ಲಿಟ್ಟು ಪಕ್ಕದ ಗಟ್ಟಿ ಹಲ್ಲುಗಳಿಗೆ ಬಿಗೀತಿದ್ರು. ಇವತ್ತಿನ ಬ್ರಿಡ್ಜಿನ ಮುತ್ತಜ್ಜಿ ಅದು. ಸಮಾಧಿಗಳಲ್ಲಿ ಸಿಕ್ಕ ಇಂಥ ಪಟ್ಟಿಗಳು ಹೆಚ್ಚಾಗಿ ಹೆಂಗಸರ ಬಾಯಲ್ಲಿದ್ದವಂತೆ! ಓದಿ ಖುಷಿಯಾಯ್ತು, ಆಮೇಲೆ ಅವರೆಲ್ಲ ಸಾಹುಕಾರರ ಮನೆಯೋರು ಅಂತ ಗೊತ್ತಾಯ್ತು.

ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ 1931ರಲ್ಲಿ ಒಂದು ಕೆಳದವಡೆ ಸಿಕ್ತು. ಕ್ರಿ.ಶ. 600ರ ಸುಮಾರಿನದು, ಅಂದ್ರೆ ನಮ್ಮಲ್ಲಿ ಬಾದಾಮಿ ಚಾಲುಕ್ಯರ ಕಾಲ. ಅದರ ಮೂರು ಮುಂದಿನ ಹಲ್ಲಿನ ಗೂಡಿನಲ್ಲಿ ಹಲ್ಲಿನ ಆಕಾರಕ್ಕೆ ಕೊರೆದ ಚಿಪ್ಪಿನ ಚೂರುಗಳು. ಸತ್ತ ಮೇಲೆ ಅಲಂಕಾರಕ್ಕೆ ಇಟ್ಟಿದ್ದು ಅಂತ ಮೊದಲು ಅಂದುಕೊಂಡಿದ್ರು. 1970ರಲ್ಲಿ ಎಕ್ಸ್‌ರೇ ತೆಗೆದು ನೋಡಿದ್ರೆ ಎರಡು ಚಿಪ್ಪಿನ ಸುತ್ತ ಮೂಳೆ ಬೆಳೆದಿದೆ. ಬದುಕಿದ್ದಾಗಲೇ ನೆಟ್ಟಿದ್ದು. ಮೂಳೆ ಒಪ್ಪಿಕೊಂಡಿತ್ತು. ಸುಮಾರು ಇಪ್ಪತ್ತು ವರ್ಷದ ಹೆಣ್ಣಿನ ದವಡೆ ಅದು ಅಂತ ಅಂದಾಜು.

ನಮ್ಮ ಸುಶ್ರುತ ಸಂಹಿತೆಯಲ್ಲಿ ಹಲ್ಲಿಗೆ ಕಟ್ಟಿದ ಕಲ್ಲನ್ನ ಬೇರಿಗೆ ಪೆಟ್ಟಾಗದ ಹಂಗೆ ಕೆರೆದು ತೆಗೀಬೇಕು ಅಂತ ಇದೆ. ಇರೋ ಹಲ್ಲು ಉಳಿಸಿಕೊಳ್ಳೋ ಜಾಣತನ ಅದು, ಅದರ ಮುಂದೆ ಉಳಿದಿದ್ದೆಲ್ಲ ಆಮೇಲಿನ ಮಾತು.

18ನೇ ಶತಮಾನದ ಕಥೆ ಮಾತ್ರ ಓದೋಕೆ ಸಂಕಟ. ಲಂಡನ್ನಿನಲ್ಲಿ ಜಾನ್ ಹಂಟರ್ ಅನ್ನೋ ದೊಡ್ಡ ಸರ್ಜನ್ನು ಒಬ್ಬರ ಬಾಯಿಂದ ಕಿತ್ತ ಹಲ್ಲನ್ನ ಇನ್ನೊಬ್ಬರ ಬಾಯಲ್ಲಿ ನೆಡಬಹುದು ಅಂದ. ಶ್ರೀಮಂತರು ಬಡವರ ಮಕ್ಕಳನ್ನ ಪಕ್ಕದಲ್ಲಿ ಕೂರಿಸಿಕೊಂಡು, ಕಾಸು ಕೊಟ್ಟು, ಅಲ್ಲೇ ಕೀಳಿಸಿ ಅಲ್ಲೇ ನೆಡಿಸಿಕೊಳ್ಳೋರು. ಹೆಚ್ಚು ದಿನ ನಿಲ್ತಿರಲಿಲ್ಲ, ಜೊತೆಗೆ ರೋಗಗಳೂ ಬರೋವು. ಅಮೆರಿಕದ ಜಾರ್ಜ್ ವಾಷಿಂಗ್ಟನ್ನಿನ ಹಲ್ಲು ಮರದ್ದು ಅಂತ ನಾವೆಲ್ಲ ಕೇಳಿದ್ದೀವಿ, ಅದು ಸುಳ್ಳು. ನೀರಾನೆ ದಂತ, ಲೋಹ, ಮನುಷ್ಯರ ಹಲ್ಲು ಸೇರಿಸಿ ಮಾಡಿದ ಸೆಟ್ಟುಗಳು ಅವು. 1789ರಲ್ಲಿ ಅಧ್ಯಕ್ಷನಾದಾಗ ಸ್ವಂತದ್ದು ಅಂತ ಉಳಿದಿದ್ದು ಒಂದೇ ಹಲ್ಲು. ಅವನ ಲೆಕ್ಕದ ಪುಸ್ತಕದಲ್ಲಿ 1784ರ ಮೇ ತಿಂಗಳಲ್ಲಿ ಗುಲಾಮರಿಗೆ ಒಂಬತ್ತು ಹಲ್ಲಿನ ಬಾಬ್ತು 6 ಪೌಂಡು 2 ಶಿಲ್ಲಿಂಗ್ ಕೊಟ್ಟ ನಮೂದಿದೆ. ಅದೇ ವರ್ಷ ಇಲ್ಲಿ ಟಿಪ್ಪು ಸುಲ್ತಾನ್ ಇಂಗ್ಲಿಷರ ಜೊತೆ ಮಂಗಳೂರು ಒಪ್ಪಂದ ಮಾಡಿಕೊಂಡಿದ್ದು. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್‌ನನ್ನ ಅಲ್ಲಿ ಸೋಲಿಸಿ ಕಳಿಸಿದ್ದವನು ಈ ವಾಷಿಂಗ್ಟನ್. ಇನ್ನು 1815ರ ವಾಟರ್ಲೂ ಯುದ್ಧದಲ್ಲಿ ಸತ್ತ ಸೈನಿಕರ ಹಲ್ಲು ಕಿತ್ತು ಮಾರಿದ್ದು ಬೇರೆ. ಕಟ್ಟಿಸಿದ ಹಲ್ಲಿನ ಭಾರ ಯಾರ್ಯಾರ ಮೇಲೆ ಬಿದ್ದಿತ್ತು ನೋಡಿ.

1850ರ ದಶಕದಲ್ಲಿ ಗಟ್ಟಿ ರಬ್ಬರು ಬಂದ ಮೇಲೆ ಸೆಟ್ಟು ಅಗ್ಗವಾಗಿ ಸಾಮಾನ್ಯರ ಕೈಗೂ ಬಂತು. 1930ರ ದಶಕದಲ್ಲಿ ಅಕ್ರಿಲಿಕ್ಕು. ಅಜ್ಜನ ಲೋಟದ ನೀರಲ್ಲಿ ಗುಲಾಬಿ ವಸಡಿನ ಜೊತೆ ನಗ್ತಾ ಕೂತಿದ್ದು ಅದೇ.

ನಮ್ಮ ದೇಶದಲ್ಲಿ ಮೊದಲ ದಂತ ಕಾಲೇಜು 1920ರಲ್ಲಿ ಕಲ್ಕತ್ತೆಯಲ್ಲಿ, ಡಾ. ರಫಿಯುದ್ದೀನ್ ಅಹ್ಮದ್ ಶುರು ಮಾಡಿದ್ದು. 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಅದರಲ್ಲಿ ಡಿಗ್ರಿ ಇಲ್ಲದೆ ಅನುಭವದ ಮೇಲೆ ಕೆಲಸ ಮಾಡ್ತಿದ್ದೋರಿಗೂ ಬೇರೆ ಪಟ್ಟಿಯಲ್ಲಿ ಜಾಗ ಕೊಟ್ರು, ಯಾಕಂದ್ರೆ ಅವರನ್ನ ಬಿಟ್ರೆ ಊರುಗಳಲ್ಲಿ ಇನ್ಯಾರೂ ಇರಲಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು, ಮಣಿಪಾಲದ್ದು 1965, ನಮಗೆ ಹತ್ರದ ದಾವಣಗೆರೆಯ ಬಾಪೂಜಿ ಕಾಲೇಜು 1979. ಅಜ್ಜಿಯ ಹಲ್ಲು ಹೋಗೋ ಹೊತ್ತಿಗೆ ಇವು ಇನ್ನೂ ನಮ್ಮ ಹೆಂಗಸರ ದಾರಿಗೆ ಬಂದಿರಲಿಲ್ಲ. ಆಮೇಲೆ, ಹತ್ತು ವರ್ಷದ ಹಿಂದೆ, ಸರ್ಕಾರ "ದಂತ ಭಾಗ್ಯ" ಅಂತ ತಂದು ಬಿಪಿಎಲ್ ಕಾರ್ಡಿನ ವಯಸ್ಸಾದೋರಿಗೆ ದಂತ ಕಾಲೇಜುಗಳ ಕಡೆಯಿಂದ ಬಿಟ್ಟಿ ಸೆಟ್ಟು ಕೊಡಿಸೋಕೆ ಶುರು ಮಾಡ್ತು. ಅಕ್ಕಂದಿರೇ, ಮನೇಲಿ ಬೊಚ್ಚುಬಾಯಿ ಅಜ್ಜಿ ಇದ್ರೆ ತಾಲೂಕು ಆಸ್ಪತ್ರೇಲಿ ಒಂದು ಮಾತು ಕೇಳಿ. ತಾತಂದಿರು ತಾವೇ ಕೇಳ್ಕೊಳ್ತಾರೆ.

ಇಂಪ್ಲಾಂಟಿನ ಕಥೆ ಶುರುವಾಗೋದು ಸ್ವೀಡನ್ನಿನಲ್ಲಿ, 1952ರಲ್ಲಿ, ಒಂದು ಮೊಲದ ಕಾಲಿಂದ. ಪೆರ್ ಇಂಗ್ವಾರ್ ಬ್ರೊನೆಮಾರ್ಕ್ ಅನ್ನೋ ಡಾಕ್ಟ್ರು ಮೂಳೆಯೊಳಗೆ ರಕ್ತ ಹೆಂಗೆ ಓಡುತ್ತೆ ಅಂತ ನೋಡೋಕೆ ಟೈಟೇನಿಯಂನ ಸಣ್ಣ ಸಾಧನ ಕೂರಿಸಿದ್ರು. ಅವರಿಗೆ ಹಲ್ಲಿನ ಯೋಚನೆಯೇ ಇರಲಿಲ್ಲ. ಕೆಲಸ ಮುಗಿದ ಮೇಲೆ, ದುಬಾರಿ ಸಾಮಾನು, ಇನ್ನೊಂದು ಸಲಕ್ಕೆ ಆಗುತ್ತೆ ಅಂತ ತೆಗೆಯೋಕೆ ಹೋದ್ರೆ ಬರಲೇ ಇಲ್ಲ. ಮೂಳೆ ಅದನ್ನ ತನ್ನದೇ ಅಂತ ಹಿಡ್ಕೊಂಡುಬಿಟ್ಟಿತ್ತು. (ಖರ್ಚಿನ ಸಾಮಾನು ತೊಳೆದು ಎತ್ತಿಡೋ ಬುದ್ಧಿ ಇಲ್ಲದಿದ್ರೆ ಅದು ಅವರ ಗಮನಕ್ಕೇ ಬರ್ತಿರಲಿಲ್ಲವೇನೋ. ಸಂಸಾರಸ್ಥರ ಬುದ್ಧಿ.) 1965ರಲ್ಲಿ, ನಮ್ಮ ಮಣಿಪಾಲದ ಕಾಲೇಜು ಶುರುವಾದ ವರ್ಷವೇ, ಯೋಸ್ತಾ ಲಾರ್ಸನ್ ಅನ್ನೋರ ಕೆಳದವಡೆಗೆ ನಾಲ್ಕು ಟೈಟೇನಿಯಂ ಬೇರು ಇಳಿಸಿದ್ರು. ಹುಟ್ಟಿನಿಂದ ಸೀಳಂಗುಳ, ದವಡೆಯ ದೋಷ, ಹಲ್ಲು ಸರಿಯಿಲ್ಲ, ಮಾತಾಡೋಕೆ ತಿನ್ನೋಕೆ ಎರಡಕ್ಕೂ ಕಷ್ಟಪಡ್ತಿದ್ದ ಮನುಷ್ಯ. 2006ರಲ್ಲಿ ತೀರಿಕೊಳ್ಳೋ ತನಕ, ನಲವತ್ತು ವರ್ಷ, ಆ ಬೇರುಗಳು ಅವರ ಬಾಯಲ್ಲೇ ಇದ್ವು. ಆದ್ರೂ ಹಲ್ಲಿನ ಡಾಕ್ಟ್ರುಗಳು ಬಹಳ ಕಾಲ ಬ್ರೊನೆಮಾರ್ಕರನ್ನ ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಭೆ ಕೂತು ವರ್ಷಗಟ್ಟಲೆಯ ಲೆಕ್ಕ ಮುಂದಿಟ್ಟ ಮೇಲೆ ಲೋಕ ಒಪ್ಪಿಕೊಳ್ತು.

ಇಷ್ಟು ಓದಿದ ಮೇಲೆ ನನ್ನ ಬಾಯಿಯ ಲೆಕ್ಕಕ್ಕೆ ಬಂದೆ. ಹಾಗೇ ಬಿಟ್ರೆ ಏನಾಗುತ್ತೆ? ಬೇರು ಹೋದ ಜಾಗದ ಮೂಳೆ, ಗಿಡ ಕಿತ್ತ ಬದು ಮಳೆಗೆ ಕರಗೋ ಹಂಗೆ ಕರಗ್ತಾ ಹೋಗುತ್ತೆ, ಮೊದಲ ವರ್ಷ ಜಾಸ್ತಿ. ಪಕ್ಕದ ಹಲ್ಲು ವಾಲುತ್ತೆ, ಮೇಲಿನ ಹಲ್ಲು ಎದುರಿಗೆ ತಡೆಯಿಲ್ಲದೆ ಕೆಳಗಿಳಿಯುತ್ತೆ. ತೀರ ಕೊನೆಯ ದವಡೆ ಹಲ್ಲಾಗಿದ್ರೆ ನಾನೂ ಬಿಡ್ತಿದ್ದೆ, ಎಷ್ಟೋ ಜನ ಬಿಟ್ಟು ಸುಖವಾಗೇ ಇದ್ದಾರೆ. ನಂದು ಅಗಿಯೋ ಮುಖ್ಯ ಹಲ್ಲು. ಬ್ರಿಡ್ಜು ಬೇಗ ಆಗುತ್ತೆ, ಖರ್ಚೂ ಕಡಿಮೆ. ಅಕ್ಕಪಕ್ಕದ ಹಲ್ಲಿಗೆ ಮೊದಲೇ ಕ್ಯಾಪು ಹಾಕಿದ್ರೆ ಅದೇ ಒಳ್ಳೇದು. ಆದ್ರೆ ನನ್ನ ಎರಡೂ ಪಕ್ಕದ ಹಲ್ಲು ಒಂದು ಹುಳುಕಿಲ್ಲದೆ ಇವೆ, ಗಟ್ಟಿ ಹಲ್ಲು ಸವೆಯೋಕೆ ಮನಸ್ಸು ಬರಲ್ಲ. ಬೀರೂರಿನ ನಾದಿನಿಯ ಬ್ರಿಡ್ಜು ಹನ್ನೆರಡು ವರ್ಷ ಚೆನ್ನಾಗಿತ್ತು. ಹೋದ ವರ್ಷ ಆಧಾರದ ಹಲ್ಲೊಂದು ಕ್ಯಾಪಿನೊಳಗೇ ಹುಳುಕಾಗಿ ಒಂದರ ಜಾಗದಲ್ಲಿ ಎರಡು ಹೋದಂಗಾಯ್ತು.

ಇಂಪ್ಲಾಂಟೂ ಅಮೃತವಲ್ಲ. ಟೈಟೇನಿಯಂ ಹುಳುಕಾಗಲ್ಲ ನಿಜ, ಸುತ್ತಲ ವಸಡು ಕೊಳಕಾದ್ರೆ ಹಿಡಿದ ಮೂಳೆಯೇ ಕರಗಿ ಅದೂ ಅಲ್ಲಾಡುತ್ತೆ. ದಿನಾ ಉಜ್ಜೋದು ತಪ್ಪಲ್ಲ. ಹೊಗೆಸೊಪ್ಪು ಹಾಕೋರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದೋರಿಗೆ ಅಪಾಯ ಜಾಸ್ತಿ. ಮೂಳೆ ಸವೆತಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ತಗೊಳ್ತಿರೋ ದೊಡ್ಡಮ್ಮ, ಚಿಕ್ಕಮ್ಮಂದಿರು ಅದನ್ನ ಮೊದಲೇ ಡಾಕ್ಟ್ರಿಗೆ ಹೇಳಲೇಬೇಕು, ಹಲ್ಲು ಕೀಳಿಸೋಕೆ ಮುಂಚೆಯೂ.

ನನಗೂ ಸಕ್ಕರೆ ಇದೆ. ಮೂರು ತಿಂಗಳ ಸಕ್ಕರೆ ಪರೀಕ್ಷೆ ಮಾಡಿಸಿದ್ರೆ 7.9 ಬಂತು. ಏಳರ ಹತ್ರ ಬರಲಿ, ಆಮೇಲೆ ಕೈ ಹಾಕೋಣ ಅಂದ್ರು ಡಾಕ್ಟ್ರು. ಆತುರಪಟ್ರೆ ಗಾಯ ಮಾಗಲ್ಲ, ತಡ ಮಾಡಿದ್ರೆ ಮೂಳೆ ಕರಗುತ್ತೆ. ಅದಕ್ಕೇ ಸಂಜೆ ಕಾಫಿಯ ಸಕ್ಕರೆ ಬಿಟ್ಟು, ಕೆರೆ ಏರಿ ಮೇಲೆ ನಡೆಯೋಕೆ ಶುರು ಮಾಡಿದೆ. ಮೊನ್ನೆ 7.1. ದುಡ್ಡಿಗೆ ನಾನು ಎತ್ತಿದ ಚೀಟಿ ಇದೆ, ಮಗಳ ಫೀಸಿನ ಗಂಟಿಗೆ ಕೈ ಹಾಕಿಲ್ಲ. ಇವರಿಗೆ ಲೆಕ್ಕ ತೋರಿಸಿದೆ, ತಲೆ ಆಡಿಸಿದ್ರು.

ಮುಂದಿನ ತಿಂಗಳು ಬೇರು ಇಳಿಸೋದು. ಕೆಳದವಡೆ ಆದ್ದರಿಂದ ಮೂಳೆ ಹಿಡಿಯೋಕೆ ಮೂರು ತಿಂಗಳ ಮೇಲೆ ಬೇಕು, ಅದಾದ ಮೇಲೆ ಹಲ್ಲು ಕೂರಿಸೋದು. ಹೇಳಿದ ದುಡ್ಡಲ್ಲಿ ಮೇಲಿನ ಹಲ್ಲೂ ಸೇರಿದೆಯಾ, ಬರೀ ಸ್ಕ್ರೂವಿಂದಾ ಅಂತ ಕೇಳಿದ್ದೀನಿ, ಸೇರಿದೆ. ಯಾವ ಕಂಪನಿದು, ಯಾವ ಅಳತೆ ಅಂತ ಬರೆದ ಕಾರ್ಡು ಕೊಡ್ತಾರೆ. ಹತ್ತು ವರ್ಷ ಬಿಟ್ಟು ಬೇರೆ ಊರಲ್ಲಿ ಮೇಲಿನ ಹಲ್ಲು ಸಡಿಲವಾದ್ರೆ ಅದೇ ಬೇಕಾಗೋದು, ಜೋಪಾನವಾಗಿ ಪಹಣಿ, ಆಧಾರ್ ಜೊತೆ ಟ್ರಂಕಿನಲ್ಲಿ ಇಡಬೇಕು. ಅಲ್ಲಿಗಂಟ ಎಡಗಡೆ ಅಗೀತಿದ್ದೀನಿ.