ಕೃತಕಾಸ್ಥಿಗಾಗಿ ಕಾದ ದಿನಗಳು

ಕೃತಕಾಂಗಗಳ ಚರಿತ್ರೆಯನ್ನು ಬರೆಯುವವರು ಋಗ್ವೇದದ ವಿಶ್ಪಲೆಯಿಂದ ಆರಂಭಿಸುವುದು ವಾಡಿಕೆ. ಯುದ್ಧದಲ್ಲಿ ಕಾಲು ಕಳೆದುಕೊಂಡ ಆಕೆಗೆ ಅಶ್ವಿನೀದೇವತೆಗಳು ಲೋಹದ ಜಂಘೆಯನ್ನು ಕರುಣಿಸಿದರು. ಆದರೆ ಹೋದ ಕಾಲಿಗೆ ಬದಲು ಕೊಡುವುದು ಬೇರೆ. ಕಾಲನ್ನು ಉಳಿಸಿಕೊಂಡೇ ಒಳಗಿನ ರೋಗಗ್ರಸ್ತ ಎಲುಬನ್ನಷ್ಟೇ ತೆಗೆದು ಅಲ್ಲಿ ಲೋಹವನ್ನು ಕೂಡಿಸುವುದು ಬೇರೆ. ಪ್ರಕೃತ ವಿಷಯ ಈ ಎರಡನೆಯದು.

1940ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನದ ಕೊಲಂಬಿಯಾ ನಗರದಲ್ಲಿ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ ಎಂಬ ಶಸ್ತ್ರವೈದ್ಯರು ರೋಗಿಯೊಬ್ಬನ ತೊಡೆಯೆಲುಬಿನ ಮೇಲ್ಭಾಗವನ್ನು ತೆಗೆದು, ವೈಟಾಲಿಯಂ ಎಂಬ ಮಿಶ್ರಲೋಹದ ಎಲುಬನ್ನು ಕೂಡಿಸಿದರು. ಆದರೆ ಆ ಗೆಡ್ಡೆ ಅಷ್ಟೇನೂ ಮಾರಕವಾದ ಜಾತಿಯದಲ್ಲ. ಹದಿಹರೆಯದವರ ಮೊಣಕಾಲಿನ ಬಳಿ ಹೆಚ್ಚಾಗಿ ಹುಟ್ಟುವ ಆಸ್ಟಿಯೋಸಾರ್ಕೋಮಕ್ಕೆ ಮಾತ್ರ ಅಂಗಚ್ಛೇದವೇ ಗತಿಯಾಗಿತ್ತು. ಅದನ್ನು ಮಾಡಿಯೂ ನೂರಕ್ಕೆ ಸುಮಾರು 80 ಮಂದಿ ಶ್ವಾಸಕೋಶಕ್ಕೆ ಹಬ್ಬಿದ ರೋಗದಿಂದ ತೀರಿಕೊಳ್ಳುತ್ತಿದ್ದರು. ಅಸಲನ್ನು ಕೊಟ್ಟೂ ಸಾಲ ತೀರದ ವ್ಯವಹಾರವದು.

1974ರಲ್ಲಿ ಮೆಥೊಟ್ರೆಕ್ಸೇಟ್, ಅಡ್ರಿಯಮೈಸಿನ್ ಔಷಧಗಳು ಈ ರೋಗವನ್ನು ತಡೆಯಬಲ್ಲವೆಂಬ ವರದಿಗಳು ಪ್ರಕಟವಾದವು. ಮೊದಲನೆಯದು ರೂಪುಗೊಂಡದ್ದು ಲೆಡರ್ಲಿ ಪ್ರಯೋಗಾಲಯದಲ್ಲಿ, ಭೀಮಾವರದಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಕಲಿತ ಯಲ್ಲಪ್ರಗಡ ಸುಬ್ಬರಾವ್ ಅವರ ತಂಡದಿಂದ. ಮದರಾಸು, ಹೈದರಾಬಾದುಗಳಲ್ಲಿ ನೆಲಸಿರುವ ನಮ್ಮವರಲ್ಲಿ ಈ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಅದೇ ಕಾಲದಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಜೆರಾಲ್ಡ್ ರೋಸೆನ್, ರಾಲ್ಫ್ ಮಾರ್ಕೋವ್ ಎಂಬವರು ಕಾಲನ್ನು ಉಳಿಸುವ ಸಾಹಸಕ್ಕೆ ಕೈಹಾಕಿದ್ದರು. ಒಬ್ಬೊಬ್ಬ ರೋಗಿಯ ಅಳತೆಗೂ ಬೇರೆಬೇರೆಯಾಗಿ ಕೃತಕಾಸ್ಥಿಯನ್ನು ಮಾಡಿಸಬೇಕು. ಅದು ಸಿದ್ಧವಾಗಲು ಎರಡು ಮೂರು ತಿಂಗಳು. ಅಷ್ಟು ದಿನ ಅರ್ಬುದವನ್ನು ಅದರ ಪಾಡಿಗೆ ಬಿಟ್ಟು ಕಾಯುವುದು ಹೇಗೆ? ಶಸ್ತ್ರಕ್ರಿಯೆಯ ಅನಂತರ ಕೊಡುತ್ತಿದ್ದ ಔಷಧವನ್ನು ಮೊದಲೇ ಕೊಡಲಾರಂಭಿಸಿದರು. ಕಾರ್ಖಾನೆಯ ವಿಳಂಬವೇ ಚಿಕಿತ್ಸೆಯ ಕ್ರಮವನ್ನು ತಲೆಕೆಳಗು ಮಾಡಿತು! ತೆಗೆದ ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗೆಡ್ಡೆಯ ಎಷ್ಟು ಭಾಗ ಸತ್ತಿದೆಯೆಂದು ಲೆಕ್ಕಹಾಕಿದಾಗ ಅದು ರೋಗಿಯ ಭವಿಷ್ಯವನ್ನು ಸೂಚಿಸುವ ಅಂಕವೂ ಆಯಿತು.

ಔಷಧದಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಶಂಕಿಸಿದವರಿದ್ದರು. ಆ ಶಂಕೆ ಅನುಚಿತವೆಂದು ನನಗೆ ತೋರುವುದಿಲ್ಲ, ಅದರಿಂದಲೇ ಪರೀಕ್ಷೆ ನಡೆಯಿತು. 1986ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷ ರೋಗ ಮರುಕಳಿಸದೆ ಉಳಿದವರು ಶಸ್ತ್ರಕ್ರಿಯೆ ಮಾತ್ರ ಆದವರಲ್ಲಿ ಶೇಕಡಾ 17, ಔಷಧವನ್ನೂ ಪಡೆದವರಲ್ಲಿ ಶೇಕಡಾ 66. ಕೆಳತೊಡೆಯೆಲುಬಿನ ಅರ್ಬುದವಿದ್ದ 227 ರೋಗಿಗಳನ್ನು ಕುರಿತ ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ, ಕಾಲನ್ನು ಉಳಿಸಿಕೊಂಡವರಿಗೂ ಕತ್ತರಿಸಿಕೊಂಡವರಿಗೂ ಆಯುಸ್ಸಿನಲ್ಲಿ ಅಂತರ ಕಾಣಲಿಲ್ಲ. ಔಷಧವನ್ನು ಮೊದಲು ಕೊಟ್ಟುದರಿಂದಲೇ ಹೆಚ್ಚು ಮಂದಿ ಬದುಕಿದರೆಂದು ಮಾತ್ರ ಹೇಳಲಾಗದು. 2003ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಕೂಡಲೇ ಶಸ್ತ್ರಕ್ರಿಯೆ ಆಗಿ ಅನಂತರ ಔಷಧ ಪಡೆದವರೂ ಅಷ್ಟೇ ಪ್ರಮಾಣದಲ್ಲಿ ಉಳಿದಿದ್ದರು. ಕಾಯುವಿಕೆ ಉಳಿಸಿಕೊಟ್ಟದ್ದು ಕಾಲನ್ನು.

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ಬಾಗಿಲಲ್ಲಿ ಕರ್ನಾಟಕದಿಂದ ಬಂದ ರೋಗಿಗಳನ್ನೂ ಕಾಣಬಹುದು. ಅವರಿಗೆ ಪ್ರಶ್ನೆ ಕಾಲಾವಧಿಯದಷ್ಟೇ ಅಲ್ಲ, ಬೆಲೆಯದೂ ಹೌದು. ಪರದೇಶದ ಕೃತಕಾಸ್ಥಿಯ ಬೆಲೆಯನ್ನು ತೆರಲಾರದವನಿಗೆ ಅಂಗಚ್ಛೇದ ವೈದ್ಯನ ತೀರ್ಪಲ್ಲ, ಬಡತನದ್ದು. ಈ ಕಾರಣದಿಂದಲೇ ಅಲ್ಲಿಯ ಶಸ್ತ್ರವೈದ್ಯರು ಕಡಮೆ ಬೆಲೆಯ ದೇಶೀಯ ಕೃತಕಾಸ್ಥಿಗಳನ್ನು ರೂಪಿಸುವುದಕ್ಕೆ ತೊಡಗಿದರು. ಬೆಳೆಯುವ ಮಕ್ಕಳಿಗಾಗಿ ಉದ್ದವಾಗಬಲ್ಲ ಕೃತಕಾಸ್ಥಿಗಳೂ ಈಗ ಇವೆ. ಚರ್ಮವನ್ನು ಕೊಯ್ಯದೆ, ಹೊರಗಿನಿಂದ ಅಯಸ್ಕಾಂತ ಶಕ್ತಿಯಿಂದಲೇ ಅವುಗಳಲ್ಲಿ ಕೆಲವನ್ನು ನೀಳಗೊಳಿಸುತ್ತಾರೆ. ಬೆಲೆಯಲ್ಲಿ ಅವು ಇನ್ನೂ ಎತ್ತರದಲ್ಲಿವೆ.