ದಫ್ತರದಿಂದ ಲಾಗಿನ್‌ವರೆಗೆ: ನಮ್ಮ ದಾಖಲೆಗಳ ಕೀಲಿಕೈ ಯಾರ ಬಳಿ?



ವಿಜಯಪುರದ ಇತಿಹಾಸ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಗೋಲಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು ಬಂದು ನಿಲ್ಲುತ್ತವೆ. ಆದರೆ ಯಾವ ರಾಜ್ಯವೂ ಕಲ್ಲು ಮತ್ತು ತೋಪಿನಿಂದ ಮಾತ್ರ ನಡೆದಿಲ್ಲ. ಯಾರ ಹೊಲ ಎಷ್ಟು, ಯಾರ ಕಂದಾಯ ಎಷ್ಟು, ಯಾರಿಗೆ ಇನಾಮು ಎಂದು ಬರೆದಿಡುವ ದಫ್ತರವೇ ಆಡಳಿತದ ಜೀವ. ಆ ದಫ್ತರ ಈಗ ಕಂಪ್ಯೂಟರ್ ಪರದೆಯೊಳಗೆ ಸೇರಿದೆ. ಮಗುವಿನ ದಾಖಲಾತಿ, ವರ್ಗಾವಣೆ ಪತ್ರ, ಪರೀಕ್ಷಾ ನೋಂದಣಿ, ವಿದ್ಯಾರ್ಥಿವೇತನ ಎಲ್ಲವೂ ಇಂದು ಶಾಲೆಯ ಲಾಗಿನ್ ಮೂಲಕವೇ ಸಾಗಬೇಕು. ಆದ್ದರಿಂದ ದಾಖಲೆ ಇಡುವ ಪದ್ಧತಿ ಹೇಗೆ ಬದಲಾಗುತ್ತ ಬಂತು, ಅದರ ಕೀಲಿಕೈ ಯಾರಿಂದ ಯಾರ ಕೈಗೆ ಹೋಯಿತು ಎಂಬುದನ್ನು ನಾವು ತಿಳಿದುಕೊಳ್ಳುವುದು ಅಗತ್ಯ.

ಆದಿಲ್‌ಶಾಹಿ ಕಾಲದ ದಫ್ತರ

ಒಂದನೆಯ ಇಬ್ರಾಹಿಂ ಆದಿಲ್‌ಶಾಹನು (1534–1558) ಕಂದಾಯದ ಲೆಕ್ಕಪತ್ರಗಳನ್ನು ಫಾರಸಿಯಿಂದ ದಖ್ಖನಿನ ಜನಭಾಷೆಗೆ ಬದಲಿಸಿ, ಸ್ಥಳೀಯ ಬ್ರಾಹ್ಮಣ ಲೆಕ್ಕಿಗರಿಗೆ ಆ ಕೆಲಸ ವಹಿಸಿದನೆಂದು ಇದೇ ಊರಿನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಇದು ಕೇವಲ ಭಾಷೆಯ ಬದಲಾವಣೆಯಾಗಿರಲಿಲ್ಲ. ಲೆಕ್ಕವನ್ನು ಓದಬಲ್ಲವರು ಯಾರು, ತಿದ್ದಬಲ್ಲವರು ಯಾರು ಎಂಬುದೇ ಇದರಿಂದ ಬದಲಾಯಿತು.

ಇನ್ನೊಂದು ಪಾಠ ಅಸರ್ ಮಹಲಿನದು. ಸುಮಾರು 1646ರಲ್ಲಿ ಮುಹಮ್ಮದ್ ಆದಿಲ್‌ಶಾಹನು ನ್ಯಾಯದಾನಕ್ಕಾಗಿ ಕಟ್ಟಿಸಿದ ಈ ಮಹಲಿನಲ್ಲಿ ಮುಂದೆ ಪವಿತ್ರ ಅವಶೇಷಗಳ ಜೊತೆಗೆ ಅರಮನೆಯ ಗ್ರಂಥಭಂಡಾರದ ಅರಬ್ಬಿ, ಫಾರಸಿ ಹಸ್ತಪ್ರತಿಗಳೂ ಉಳಿದಿದ್ದವು. 1853ರಲ್ಲಿ ಬ್ರಿಟಿಷರು ಆ ಹಸ್ತಪ್ರತಿಗಳನ್ನು ಲಂಡನ್ನಿಗೆ ಸಾಗಿಸಿದರು. ಅಲ್ಲಿ ಅವು ಸುರಕ್ಷಿತವಾಗಿ ಉಳಿದವು, ನಿಜ. ಆದರೆ ವಿಜಯಪುರದ ವಿದ್ಯಾರ್ಥಿಯೊಬ್ಬ ತನ್ನೂರಿನ ಪುಸ್ತಕ ನೋಡಬೇಕಾದರೆ ಬೇರೆಯವರ ಅನುಮತಿ ಕೇಳಬೇಕಾಯಿತು. ದಾಖಲೆ ಸುರಕ್ಷಿತವಾಗಿರುವುದು ಬೇರೆ, ಅದು ನಮ್ಮ ಕೈಗೆ ಸಿಗುವುದು ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಕುಲಕರ್ಣಿಯಿಂದ ‘ಭೂಮಿ’ಗೆ

ಮುಂಬಯಿ ಪ್ರಾಂತದಲ್ಲಿದ್ದಾಗ ನಮ್ಮ ಹಳ್ಳಿಗಳ ದಫ್ತರ ಇರುತ್ತಿದ್ದುದು ವಂಶಪಾರಂಪರ್ಯ ಕುಲಕರ್ಣಿಯ ಮನೆಯಲ್ಲಿ. ಮುಂದೆ ಇಂತಹ ವಂಶಪಾರಂಪರ್ಯ ಗ್ರಾಮ ಹುದ್ದೆಗಳು ಕಾನೂನಿನ ಮೂಲಕ ರದ್ದಾದವು. ಆ ಜವಾಬ್ದಾರಿ ಸರ್ಕಾರಿ ನೌಕರನಾದ ತಲಾಠಿಗೆ ಬಂತು. ಮನೆಯಿಂದ ಕಚೇರಿಗೆ ಬಂದರೂ ದಫ್ತರ ಒಬ್ಬರ ಕೈಬರಹದಲ್ಲೇ ಇತ್ತು. ಉತಾರೆಗಾಗಿ ರೈತರು ತಲಾಠಿಯ ದಾರಿ ಕಾಯುತ್ತ ಕೂತಿದ್ದನ್ನು ತಿಕೋಟಾ, ಬಬಲೇಶ್ವರ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ.

2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಇದನ್ನು ಬದಲಿಸಿತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪ್ರಯೋಗ ನಡೆದು, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಮುದ್ರಿತ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು. ‘ನಾನಲ್ಲ, ಬೇರೆ ಯಾರೋ ತಿದ್ದಿದರು’ ಎಂದು ಹೇಳಿ ನುಣುಚಿಕೊಳ್ಳಲು ಆಸ್ಪದವಿರಬಾರದು ಎಂಬುದೇ ಅದರ ಉದ್ದೇಶ.

ಮೊದಲು ಆಯಾ ತಾಲ್ಲೂಕಿನ ಕಂಪ್ಯೂಟರಿನಲ್ಲಿದ್ದ ಈ ದಾಖಲೆಗಳು ಮುಂದೆ ಬೆಂಗಳೂರಿನ ಕೇಂದ್ರ ವ್ಯವಸ್ಥೆಗೆ ಸೇರಿದವು. 2018ರಲ್ಲಿ ತಿಕೋಟಾ ಮತ್ತು ಬಬಲೇಶ್ವರ ಹೊಸ ತಾಲ್ಲೂಕುಗಳಾದವು. ಹಳೆಯ ಕಾಲವಾಗಿದ್ದರೆ ವಿಜಯಪುರದಿಂದ ಗಂಟುಗಟ್ಟಲೆ ಪಹಣಿ ಪುಸ್ತಕಗಳನ್ನು ಹೊತ್ತು ಸಾಗಿಸಬೇಕಿತ್ತು. ಈಗ ಪರದೆಯ ಮೇಲೆ ಹೊಸ ತಾಲ್ಲೂಕಿನ ಹೆಸರು ಆರಿಸಿದರೆ ಪಹಣಿ ಕಾಣುತ್ತದೆ.

‘ಮೋಡ’ ಎಂದರೇನು?

ಈ ಪದ್ಧತಿಯ ಬೇರು ಇನ್ನೂ ಹಿಂದಿನದು. 1961ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟರು. ಅದೇ ದಶಕದಲ್ಲಿ ಒಂದು ದೋಷದಿಂದಾಗಿ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿ, ಒಳಬಂದವರೆಲ್ಲರಿಗೂ ಕಾಣಿಸಿಕೊಂಡ ಘಟನೆಯೂ ಅಲ್ಲಿ ನಡೆಯಿತು! ಅಂದರೆ ಪಾಸ್‌ವರ್ಡ್ ಹುಟ್ಟಿದ ಕಾಲದಲ್ಲೇ ಅದು ಸೋರಿಕೆಯಾಗುವ ಅಪಾಯವೂ ಹುಟ್ಟಿತ್ತು.

1989ರಲ್ಲಿ ಟಿಮ್ ಬರ್ನರ್ಸ್-ಲೀ ವೆಬ್‌ನ ಯೋಜನೆ ಮುಂದಿಟ್ಟರು. 1995ರ ಆಗಸ್ಟ್ 15ರಂದು ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆ ಆರಂಭವಾಯಿತು. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಕಂಪ್ಯೂಟರುಗಳ ಸಂಗ್ರಹಣೆ ಮತ್ತು ಸಾಮರ್ಥ್ಯವನ್ನು ಬಾಡಿಗೆಗೆ ಕೊಡತೊಡಗಿತು. ಸ್ವಂತ ಯಂತ್ರ ಕೊಳ್ಳದೆ, ದೂರದಲ್ಲಿರುವ ಯಂತ್ರವನ್ನು ಅಂತರ್ಜಾಲದ ಮೂಲಕ ಬಳಸುವ ಇಂತಹ ಪದ್ಧತಿಗೆ ‘ಕ್ಲೌಡ್’, ಅಂದರೆ ಮೋಡ, ಎಂಬ ಹೆಸರು. 2014ರಲ್ಲಿ ಭಾರತ ಸರ್ಕಾರವೂ ತನ್ನ ಇಲಾಖೆಗಳಿಗಾಗಿ ‘ಮೇಘರಾಜ’ ಎಂಬ ಹೆಸರಿನ ಕ್ಲೌಡ್ ಆರಂಭಿಸಿತು.

ಹೆಸರು ಮೋಡವಾದರೂ ದಾಖಲೆ ಇರುವುದು ಆಕಾಶದಲ್ಲಲ್ಲ. ಯಾವುದೋ ನಗರದ ದತ್ತಾಂಶ ಕೇಂದ್ರದ ನೆಲದ ಮೇಲೆಯೇ. ನಮ್ಮ ಶಾಲೆಯ ಕಂಪ್ಯೂಟರ್ ಅದನ್ನು ನೋಡುವ ಕಿಟಕಿ ಮಾತ್ರ. ಆ ಕಿಟಕಿಯ ಹೆಸರು ಬ್ರೌಸರ್. ಲಾಗಿನ್ ಆದ ಮೇಲೆ ಸೇರಿಸುವ, ತಿದ್ದುವ, ಒಪ್ಪುವ, ತಿರಸ್ಕರಿಸುವ ಗುಂಡಿಗಳಿರುವ ಪುಟ ತೆರೆಯುತ್ತದಲ್ಲ, ಅದೇ ಅಡ್ಮಿನ್ ಪುಟ, ಅಂದರೆ ಇಂದಿನ ದಫ್ತರದ ಬಾಗಿಲು. ಶಾಲೆಯ ಕಂಪ್ಯೂಟರ್ ಕೆಟ್ಟರೂ ದಾಖಲೆ ಹಾಳಾಗುವುದಿಲ್ಲ. ಆದರೆ ಪಾಸ್‌ವರ್ಡ್ ಪರರ ಪಾಲಾದರೆ, ಕಂಪ್ಯೂಟರ್ ಬೀಗದೊಳಗೆ ಇದ್ದರೂ ದಾಖಲೆ ಹಾಳಾಗುತ್ತದೆ.

ಶಾಲೆಯ ಲಾಗಿನ್ನಿನ ಅಧಿಕಾರ

ರಾಜ್ಯದ ವಿದ್ಯಾರ್ಥಿ ದಾಖಲೆಗಳ ಎಸ್.ಎ.ಟಿ.ಎಸ್., ಕೇಂದ್ರದ ಯು-ಡೈಸ್ ಪ್ಲಸ್, ವಿದ್ಯಾರ್ಥಿವೇತನದ ಪೋರ್ಟಲ್‌ಗಳು, ಎಲ್ಲವುಗಳಲ್ಲೂ ಮೆಟ್ಟಿಲುಗಳಿವೆ. ವಿದ್ಯಾರ್ಥಿವೇತನವನ್ನೇ ನೋಡಿ. ವಿದ್ಯಾರ್ಥಿ ಅರ್ಜಿ ಹಾಕುತ್ತಾನೆ. ಶಾಲೆಯ ನೋಡಲ್ ಅಧಿಕಾರಿ ತನ್ನ ಲಾಗಿನ್ನಿನಲ್ಲಿ ‘ಇವನು ನಮ್ಮ ವಿದ್ಯಾರ್ಥಿ ಹೌದು’ ಎಂದು ದೃಢೀಕರಿಸುತ್ತಾರೆ. ಆಮೇಲೆ ಅರ್ಜಿ ಮೇಲಿನ ಅಧಿಕಾರಿಗಳಿಗೆ ಹೋಗುತ್ತದೆ. ಶಾಲೆಯ ಮೆಟ್ಟಿಲಲ್ಲಿ ಅರ್ಜಿ ನಿಂತರೆ ಮುಂದೆ ದಾರಿಯೇ ಇಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಉರ್ದುವಿನಲ್ಲಿ ‘ಮುಹಮ್ಮದ್’ ಎಂಬ ಹೆಸರಿಗೆ ಇರುವುದು ಒಂದೇ ಬರವಣಿಗೆ. ಇಂಗ್ಲಿಷಿನಲ್ಲಿ ಅದನ್ನು ನಾಲ್ಕಾರು ರೀತಿ ಬರೆಯುತ್ತಾರೆ. ಕೆಲವರು ಎರಡೇ ಅಕ್ಷರಕ್ಕೆ ಚಿಕ್ಕದು ಮಾಡುತ್ತಾರೆ. ದಾಖಲಾತಿ ರಿಜಿಸ್ಟರಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಮನುಷ್ಯನ ಕಣ್ಣಿಗೆ ಮೂವರೂ ಒಬ್ಬನೇ ಹುಡುಗ. ಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ಹುಡುಗರು. ಮಗು ಶಾಲೆಗೆ ಸೇರುವ ದಿನವೇ ಗುಮಾಸ್ತರು ಐದು ನಿಮಿಷ ಹೆಚ್ಚು ತೆಗೆದುಕೊಂಡು ಹೆಸರು ತಾಳೆ ನೋಡಿದರೆ, ಹತ್ತನೆಯ ತರಗತಿಯಲ್ಲಿ ತಂದೆ ಕೂಲಿ ಬಿಟ್ಟು ಕಚೇರಿಗಳಿಗೆ ಅಲೆಯುವುದು ತಪ್ಪುತ್ತದೆ.

2023ರ ಕಹಿ ಪಾಠ

ಲಾಗಿನ್ ತಪ್ಪು ಕೈಗೆ ಹೋದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಇಡೀ ದೇಶ ಕಂಡಿತು. ಕೇಂದ್ರ ಅಲ್ಪಸಂಖ್ಯಾತರ ಸಚಿವಾಲಯ 1572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ, ಇಲ್ಲವೇ ಭಾಗಶಃ ನಕಲಿ, ಅಥವಾ ನಡೆಯದೇ ಇರುವಂಥವು ಎಂದು ಕಂಡುಬಂತು. 2017-18ರಿಂದ 2021-22ರವರೆಗಿನ ಐದು ವರ್ಷಗಳಲ್ಲಿ 144.83 ಕೋಟಿ ರೂಪಾಯಿ ನಷ್ಟವೆಂದು ಲೆಕ್ಕ ಹಾಕಿ ಸಿ.ಬಿ.ಐ.ಗೆ ದೂರು ಕೊಡಲಾಯಿತು. ಪರಿಶೀಲನೆಗೆ ಒಳಗಾದವುಗಳಲ್ಲಿ ಕರ್ನಾಟಕದ ಸಂಸ್ಥೆಗಳೂ ಇದ್ದವು.

ಇಲ್ಲದ ಶಾಲೆಯ ಇಲ್ಲದ ಮಗುವಿಗೆ ವೇತನ ಮಂಜೂರಾಗಬೇಕಾದರೆ ಯಾವುದೋ ಲಾಗಿನ್ನಿನಿಂದ ‘ಸರಿಯಿದೆ’ ಎಂಬ ಗುಂಡಿ ಒತ್ತಿರಲೇಬೇಕು. ಬಡ ಮಕ್ಕಳ ಪಾಲಿನ ಹಣವನ್ನು ನುಂಗಿದ್ದು ಯಂತ್ರವಲ್ಲ, ಆ ಗುಂಡಿ ಒತ್ತಿದ ಬೆರಳು. ಇದರ ಭಾರ ಬಿದ್ದದ್ದು ನಿಜವಾದ ವಿದ್ಯಾರ್ಥಿಗಳ ಮೇಲೆ. ಅದೇ ವರ್ಷ ಅರ್ಜಿದಾರರು, ನೋಡಲ್ ಅಧಿಕಾರಿಗಳು, ಮುಖ್ಯಸ್ಥರು ಎಲ್ಲರೂ ಬಯೋಮೆಟ್ರಿಕ್ ದೃಢೀಕರಣಕ್ಕೆ ಒಳಗಾಗಬೇಕಾಯಿತು.

ನಾವು ಮಾಡಬೇಕಾದದ್ದು

ನಮ್ಮ ಸಂಘದ ಸದಸ್ಯರು ನಡೆಸುವ ಅಥವಾ ಕೆಲಸ ಮಾಡುವ ಪ್ರತಿ ಶಾಲೆಯೂ ಈ ನಾಲ್ಕು ನಿಯಮಗಳನ್ನು ಪಾಲಿಸಲಿ.

1. ಶಾಲೆಯ ಪಾಸ್‌ವರ್ಡನ್ನು ನೆಟ್ ಸೆಂಟರಿನ ನೋಟ್‌ಬುಕ್ಕಿನಲ್ಲಿ ಬರೆಸಬೇಡಿ. ಒ.ಟಿ.ಪಿ.ಯನ್ನು ಫೋನಿನಲ್ಲಿ ಓದಿ ಹೇಳಬೇಡಿ. ಹೊರಗಿನ ಕಂಪ್ಯೂಟರ್ ಬಳಸುವುದು ಅನಿವಾರ್ಯವಾದರೆ ಜವಾಬ್ದಾರ ಶಿಕ್ಷಕರೇ ಪಕ್ಕದಲ್ಲಿ ಕೂತು ಕೆಲಸ ಮುಗಿಸಿ, ಲಾಗ್‌ಔಟ್ ಮಾಡಿ ಏಳಲಿ.

2. ಒ.ಟಿ.ಪಿ. ಬರುವ ಮೊಬೈಲ್ ನಂಬರು ಸಂಸ್ಥೆಯದಾಗಿರಲಿ. ಮುಖ್ಯೋಪಾಧ್ಯಾಯರು ನಿವೃತ್ತರಾದಾಗ ಕಪಾಟಿನ ಕೀಲಿಯಂತೆಯೇ ಲಾಗಿನ್ನನ್ನೂ ಬರವಣಿಗೆಯಲ್ಲಿ ಹಸ್ತಾಂತರಿಸಲಿ, ಪಾಸ್‌ವರ್ಡ್ ಅಂದೇ ಬದಲಾಗಲಿ.

3. ತುಂಬುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು ಇರಲಿ. ರಿಜಿಸ್ಟರ್ ಎದುರಿಗಿಟ್ಟುಕೊಳ್ಳದೆ ಒಪ್ಪಿಗೆಯ ಗುಂಡಿ ಒತ್ತಬೇಡಿ.

4. ಕೊನೆಯ ದಿನಾಂಕದವರೆಗೆ ಕಾಯಬೇಡಿ. ಅಂದು ಎಲ್ಲರೂ ಒಮ್ಮೆಗೇ ಬಾಗಿಲು ತಟ್ಟುವುದರಿಂದ ಪುಟ ತೆರೆಯುವುದೇ ಕಷ್ಟ.

ವಿದ್ಯಾರ್ಥಿಗಳೇ, ಖುರ್‌ಆನಿನ ಅತಿ ದೀರ್ಘ ವಚನ ಯುದ್ಧದ ಬಗೆಗಾಗಲಿ ರಾಜ್ಯದ ಬಗೆಗಾಗಲಿ ಇಲ್ಲ. ಸೂರಃ ಅಲ್-ಬಖರಾದ 282ನೆಯ ಆ ವಚನ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಹೇಳುತ್ತದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದು ಅಲ್ಲಿಯ ಆದೇಶ. ಕಾಗದ ಹೋಗಿ ಪರದೆ ಬಂದರೂ ಆ ಹೊಣೆ ಬದಲಾಗಿಲ್ಲ. ಉರ್ದುವಿನ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಕಚೇರಿ ಭಾಷೆಯಲ್ಲಿ ‘ಅಮಾನತು’ ಆಗಿ, ತಪ್ಪಿತಸ್ಥ ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೂ ಬಳಕೆಯಾಗುತ್ತದೆ. ಶಾಲೆಯ ಲಾಗಿನ್ ಮೊದಲ ಅರ್ಥದ ಅಮಾನತ್. ಅದನ್ನು ಕಾಪಾಡದವರಿಗೆ ಎರಡನೆಯ ಅರ್ಥ ಕಾದಿರುತ್ತದೆ. ನಿಮ್ಮಲ್ಲಿ ಯಾರೇ ಮುಂದೆ ಶಿಕ್ಷಕರಾಗಲಿ, ಗುಮಾಸ್ತರಾಗಲಿ, ದತ್ತಾಂಶ ಕೇಂದ್ರದ ಇಂಜಿನಿಯರರಾಗಲಿ, ಮಕ್ಕಳ ಹಕ್ಕಿನ ಈ ಕೀಲಿಕೈಯನ್ನು ಶುದ್ಧವಾದ ಕೈಯಲ್ಲಿ ಹಿಡಿಯುವವರಾಗಿರಿ.