ಪಾಸ್ಕ ಜಾಗರಣೆಯ ರಾತ್ರಿ

ಚಿಂಚೋಳಿ ತಾಲ್ಲೂಕನ್ನು ಒಳಗೊಂಡ ಕಲಬುರಗಿ ಕಥೋಲಿಕ ಧರ್ಮಪ್ರಾಂತ ಸ್ಥಾಪನೆಯಾದದ್ದು 2005ರಲ್ಲಿ. ಪ್ರಾಂತ ಹೊಸದು, ಈಸ್ಟರ್ ಹಬ್ಬದ ಮುನ್ನಾದಿನದ ಪಾಸ್ಕ ಜಾಗರಣೆ ಬಹು ಪುರಾತನವಾದುದು. ಕತ್ತಲಾದ ಮೇಲೆ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿಯನ್ನು ಬೆಳಗುತ್ತಾರೆ. ಆ ಜ್ಯೋತಿ ಜನರ ಕೈಯ ಬತ್ತಿಗಳಿಗೆ ಹರಡುತ್ತದೆ. ಇದೇ ವಿಧಿ ಶತಮಾನಗಳ ಕಾಲ ಶನಿವಾರ ಬೆಳಗ್ಗೆಯೇ ನಡೆಯುತ್ತಿತ್ತೆಂದರೆ ನಂಬುವಿರಾ? ಹಗಲಿನಲ್ಲಿ ನಿಂತು ಇರುಳನ್ನು ಕೊಂಡಾಡುತ್ತಿದ್ದರು, ಅದೂ ಲ್ಯಾಟಿನ್ನಿನಲ್ಲಿ!

1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಜಾಗರಣೆಯನ್ನು ರಾತ್ರಿಗೆ ಮರಳಿಸಲು ಅನುಮತಿಯಿತ್ತರು. ಜ್ಞಾನಸ್ನಾನದ ವಾಗ್ದಾನಗಳನ್ನು ಜನ ತಮ್ಮ ಭಾಷೆಯಲ್ಲೇ ನವೀಕರಿಸುವ ಅವಕಾಶವೂ ಆಗಲೇ ಬಂತು. ಪೂಜೆಯ ಉಳಿದ ಭಾಗಗಳಿಗೂ ದೇಶಭಾಷೆಗಳನ್ನು ಬಳಸಲು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬಾಗಿಲು ತೆರೆಯಿತು. ಕತ್ತಲೆ ಮರಳಿದ್ದಕ್ಕಿಂತ ಭಾಷೆ ಬಂದದ್ದೇ ದೊಡ್ಡದೆಂದು ನನ್ನ ಎಣಿಕೆ. ಅಂದು ಗುರುಗಳು ಕೇಳುವುದು ನೇರ ಪ್ರಶ್ನೆ: ನೀವು ನಂಬುತ್ತೀರಾ? ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಹೇಳಬೇಕು.